ಲೋಗೋ ಬ್ಯೂಕ್, ಕಾರು ಓಪೆಲ್: ಅಮೆರಿಕ–ಯುರೋಪ್ ನಡುವೆ ಕಾರುಗಳ ಹೆಸರು ಬದಲಾಗುವುದು ಯಾಕೆ?

2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಹೊರದೇಶದ ಕಾರುಗಳ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ಆಮೇಲೆ ಮಾತುಕತೆ ನಡೆದು ಯುರೋಪಿನ ಕಾರುಗಳ ಮಟ್ಟಿಗೆ ಸುಂಕ ಒಟ್ಟು ಶೇ 15ಕ್ಕೆ ಇಳಿಯಿತು. ಆಗ ಅಲ್ಲಿ ಕಾರು ಕೊಳ್ಳಲು ಹೊರಟವರಿಗೆಲ್ಲ ಒಂದೇ ಪ್ರಶ್ನೆ: ಈ ಕಾರು ನಿಜಕ್ಕೂ ಯಾವ ದೇಶದ್ದು?

ಬ್ಯೂಕ್ ಅಂದರೆ ಅಪ್ಪಟ ಅಮೆರಿಕದ ಹೆಸರು. ಆದರೆ ಬ್ಯೂಕ್ ಎನ್ವಿಷನ್ ಚೀನಾದಿಂದ ಬರುತ್ತಿತ್ತು, ಎನ್‌ಕೋರ್ ಜಿಎಕ್ಸ್ ದಕ್ಷಿಣ ಕೊರಿಯಾದಿಂದ. ಡಾಜ್ ಹಾರ್ನೆಟ್ ಇಟಲಿಯಲ್ಲಿ, ಆಲ್ಫಾ ರೋಮಿಯೊ ಟೊನಾಲೆ ತಯಾರಾಗುವ ಕಾರ್ಖಾನೆಯಲ್ಲೇ ಹುಟ್ಟಿದ್ದು. ಜಪಾನಿನ ಹೆಸರಿನ ಟೊಯೋಟ ಕ್ಯಾಮ್ರಿ ಮಾತ್ರ ಕೆಂಟಕಿಯದು. ಸುಂಕದ ಅಧಿಕಾರಿಗಳಿಗೆ ಲೋಗೋ ಮುಖ್ಯವಲ್ಲ. ಕಾರು ಯಾವ ಕಾರ್ಖಾನೆಯಿಂದ ಹೊರಬಂತು ಅನ್ನುವುದೇ ಮುಖ್ಯ.

ನಮಗೂ ಇದು ದೂರದ ವಿಷಯವೇನಲ್ಲ. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟ ಹೈರೈಡರ್ ಬಿಡದಿಯ ಟೊಯೋಟ ಕಾರ್ಖಾನೆಯಲ್ಲೇ ಹುಟ್ಟಿದ ಅವಳಿಗಳು. ಇಂಥ ಅವಳಿಗಳನ್ನು ಬೇರೆ ಬೇರೆ ಹೆಸರಲ್ಲಿ ಮಾರುವ ಪದ್ಧತಿ ಅಮೆರಿಕ ಮತ್ತು ಯುರೋಪ್ ನಡುವೆ ಹಲವು ದಶಕಗಳಿಂದ ನಡೆದುಕೊಂಡು ಬಂದಿದೆ. ಅದರ ಒಳಲೆಕ್ಕ ತಿಳಿದರೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ, ಸ್ಪೇರ್ ಪಾರ್ಟ್ಸ್ ಹುಡುಕುವಾಗ ತುಂಬಾ ಉಪಯೋಗ.

ಬ್ರಾಂಡ್, ಮಾಡೆಲ್, ಪ್ಲಾಟ್‌ಫಾರ್ಮ್

ಬ್ರಾಂಡ್ ಅಂದರೆ ಮುಂದಿನ ಗ್ರಿಲ್ ಮೇಲಿರುವ ಹೆಸರು: ಫೋರ್ಡ್, ಓಪೆಲ್, ಬ್ಯೂಕ್. ಮಾಡೆಲ್ ಅಂದರೆ ಡಿಕ್ಕಿಯ ಮೇಲೆ ಬರೆದಿರುವ ಹೆಸರು: ಮೊಂಡೆಯೊ, ಇನ್‌ಸಿಗ್ನಿಯಾ, ರೀಗಲ್. ಇವೆರಡೂ ಕಣ್ಣಿಗೆ ಕಾಣುತ್ತವೆ. ಕಾಣದೆ ಇರುವುದು ಪ್ಲಾಟ್‌ಫಾರ್ಮ್. ಕಾರಿನ ತಳದ ಚೌಕಟ್ಟು, ಸಸ್ಪೆನ್ಷನ್, ಎಂಜಿನ್ ಕೂರುವ ಜಾಗ ಎಲ್ಲ ಸೇರಿ ಆಗುವ ಅಡಿಪಾಯ ಅದು.

ಒಂದೇ ಪ್ಲಾಟ್‌ಫಾರ್ಮ್ ಮೇಲೆ ಎರಡು ಬೇರೆ ಬೇರೆ ಕಾರು ಕಟ್ಟಬಹುದು. ಅದನ್ನು ಪ್ಲಾಟ್‌ಫಾರ್ಮ್ ಹಂಚಿಕೆ ಅನ್ನುತ್ತಾರೆ. ಪೂರ್ತಿ ತಯಾರಾದ ಒಂದು ಕಾರಿಗೆ ಲೋಗೋ, ಗ್ರಿಲ್, ಒಂದಿಷ್ಟು ಬಂಪರ್ ಬದಲಿಸಿ ಇನ್ನೊಂದು ಹೆಸರಲ್ಲಿ ಮಾರಿದರೆ ಅದು ರೀಬ್ಯಾಡ್ಜಿಂಗ್. ಒಂದೇ ಹಿಟ್ಟಿನಿಂದ ದೋಸೆಯನ್ನೂ ಪಡ್ಡನ್ನೂ ಮಾಡಿದರೆ ಮೊದಲನೆಯದು. ಅದೇ ದೋಸೆಯನ್ನು ಎರಡು ಹೋಟೆಲಿನವರು ಎರಡು ಹೆಸರಲ್ಲಿ ಕೊಟ್ಟರೆ ಎರಡನೆಯದು. ಎಷ್ಟೋ ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಪ್ಲಾಟ್‌ಫಾರ್ಮ್ ಮಾತ್ರ ಒಂದಾಗಿದ್ದರೆ ಎರಡು ಕಾರುಗಳ ಬಾಗಿಲು, ಗಾಜು, ಲೈಟು ಯಾವುದೂ ಅದಲುಬದಲು ಆಗುವುದಿಲ್ಲ. ರೀಬ್ಯಾಡ್ಜ್ ಆದ ಕಾರುಗಳಲ್ಲಿ ಬಹುತೇಕ ಎಲ್ಲವೂ ಹೊಂದುತ್ತವೆ.

ಒಂದು ಕಾರು, ನಾಲ್ಕು ಲೋಗೋ

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಓಪೆಲ್ ಇನ್‌ಸಿಗ್ನಿಯಾಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಜರ್ಮನಿಯ ರುಸೆಲ್ಸ್‌ಹೈಮ್‌ನಲ್ಲಿ ತಯಾರಾದ ಈ ಕಾರು 2009ರಲ್ಲಿ ಯುರೋಪಿನ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಆಗ ಓಪೆಲ್ ಕಂಪನಿ ಅಮೆರಿಕದ ಜನರಲ್ ಮೋಟಾರ್ಸ್ (ಜಿಎಂ) ಕೈಯಲ್ಲಿತ್ತು. ಜಿಎಂ ಕೈಯಲ್ಲಿ ಇನ್ನೂ ಹಲವು ಬ್ರಾಂಡ್‌ಗಳಿದ್ದವು. ಹಾಗಾಗಿ ಬ್ರಿಟನ್ನಿನಲ್ಲಿ ಇದೇ ಕಾರು ವಾಕ್ಸಾಲ್ ಇನ್‌ಸಿಗ್ನಿಯಾ ಆಯಿತು. ಅಮೆರಿಕ ಮತ್ತು ಚೀನಾದಲ್ಲಿ ಬ್ಯೂಕ್ ರೀಗಲ್. ಇದರ ಎರಡನೇ ತಲೆಮಾರು 2018ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಹೋಲ್ಡನ್ ಕೊಮೊಡೋರ್ ಅನ್ನಿಸಿಕೊಂಡಿತು.

ಅಮೆರಿಕದ ಕಥೆ ಸ್ವಲ್ಪ ತಿರುವಿನದು. ಈ ಕಾರನ್ನು ಅಲ್ಲಿ ಸ್ಯಾಟರ್ನ್ ಅನ್ನುವ ಬ್ರಾಂಡ್‌ನಲ್ಲಿ ತರುವ ಯೋಜನೆ ಇತ್ತು. 2009ರಲ್ಲಿ ಜಿಎಂ ದಿವಾಳಿಯಾಗಿ, ಸ್ಯಾಟರ್ನ್ ಮುಚ್ಚುವ ಸ್ಥಿತಿ ಬಂತು. ಕಾರು ತಯಾರಿತ್ತು, ಹೆಸರು ಹೋಗಿತ್ತು. ಬ್ಯೂಕ್ ಶೋರೂಂಗಳಿಗೆ ಹೊಸ ಸೆಡಾನ್ ಬೇಕಿತ್ತು. ಲೋಗೋ ಬದಲಾಯಿತು, ಕಾರು ರೀಗಲ್ ಆಯಿತು. ಮೊದಲ ರೀಗಲ್‌ಗಳು ಜರ್ಮನಿಯಿಂದಲೇ ಹಡಗಿನಲ್ಲಿ ಬಂದವು. ಆಮೇಲೆ ಕೆನಡಾದ ಓಶಾವಾದಲ್ಲಿ ತಯಾರಿ ಶುರುವಾಯಿತು.

2017ರಲ್ಲಿ ಜಿಎಂ ಓಪೆಲ್ ಮತ್ತು ವಾಕ್ಸಾಲ್ ಎರಡನ್ನೂ ಪ್ರಾನ್ಸಿನ ಪಿಎಸ್ಎ ಕಂಪನಿಗೆ ಮಾರಿಬಿಟ್ಟಿತು. ಹೊಸ ರೀಗಲ್ ಅದೇ ಹೊತ್ತಿಗೆ ಬಿಡುಗಡೆಗೆ ಸಿದ್ಧವಾಗಿತ್ತು! ಅಂದರೆ ಕೆಲವು ವರ್ಷ ಬ್ಯೂಕ್ ತನ್ನ ಕಾರನ್ನು ಎದುರಾಳಿ ಕಂಪನಿಯ ಕಾರ್ಖಾನೆಯಿಂದ ತರಿಸಿಕೊಂಡು ಮಾರಿತು. 2020ರ ಹೊತ್ತಿಗೆ ಅಮೆರಿಕದಲ್ಲಿ ರೀಗಲ್ ನಿಂತಿತು.

ಎಲ್ಲ ಕಡೆ ಒಂದೇ ಹೆಸರು ಇಟ್ಟರೆ ಆಗದೇ?

ಸಹಜವಾದ ಪ್ರಶ್ನೆ, ಅಲ್ವಾ? ಓಪೆಲ್ ಅನ್ನುವ ಹೆಸರಲ್ಲೇ ಅಮೆರಿಕದಲ್ಲಿ ಮಾರಬಹುದಿತ್ತು. ಹಿಂದೆ ಹಾಗೆ ಮಾರಿದ್ದೂ ಉಂಟು. 1950ರ ದಶಕದ ಕೊನೆಯಿಂದ 1975ರವರೆಗೆ ಓಪೆಲ್ ಕಾರುಗಳು ಬ್ಯೂಕ್ ಶೋರೂಂಗಳಲ್ಲೇ ಸಿಗುತ್ತಿದ್ದವು.

ತೊಡಕು ಇರುವುದು ಖರ್ಚಿನಲ್ಲಿ. ಹೊಸ ಬ್ರಾಂಡ್ ತರುವುದೆಂದರೆ ಡೀಲರ್‌ಗಳು, ಸರ್ವಿಸ್ ಸೆಂಟರ್, ಪಾರ್ಟ್ಸ್ ಗೋಡೌನ್, ಜಾಹೀರಾತು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಇರುವ ಬ್ರಾಂಡ್‌ನ ಶೋರೂಂಗೆ ಹೊಸ ಕಾರು ಸೇರಿಸಿದರೆ ಅಷ್ಟೂ ಉಳಿಯಿತು. ಇದೊಂದೇ ಕಾರಣ ಬಹುಪಾಲು ರೀಬ್ಯಾಡ್ಜಿಂಗ್‌ಗೆ ಉತ್ತರ ಅಂತ ನನಗನ್ನಿಸುತ್ತದೆ.

ಹೊಸ ಹೆಸರು ಕಟ್ಟಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಫೋರ್ಡ್ ಸಾಕ್ಷಿ. ಯುರೋಪಿನ ಫೋರ್ಡ್ ಸಿಯೆರಾ ಕಾರನ್ನು ಅದು 1985ರಲ್ಲಿ ಅಮೆರಿಕಕ್ಕೆ ತಂದಿತು. ಸಿಯೆರಾ ಹೆಸರಲ್ಲಿ ಅಲ್ಲಿ ಆಗಲೇ ಜಿಎಂಸಿ ಪಿಕಪ್ ಓಡಾಡುತ್ತಿತ್ತು. ಹಾಗಾಗಿ ಮೆರ್ಕೂರ್ ಅನ್ನುವ ಹೊಸ ಬ್ರಾಂಡ್ ಹುಟ್ಟುಹಾಕಿ, ಕಾರಿಗೆ ಎಕ್ಸ್ಆರ್4ಟಿಐ ಅಂತ ಹೆಸರಿಟ್ಟರು. ಹೇಗೆ ಉಚ್ಚರಿಸಬೇಕು ಅನ್ನುವುದೇ ಗಿರಾಕಿಗಳಿಗೆ ಗೊತ್ತಾಗಲಿಲ್ಲ. ಬೆಲೆಯೂ ಜಾಸ್ತಿ ಇತ್ತು. 1989ಕ್ಕೆ ಬ್ರಾಂಡ್ ಮುಚ್ಚಿಹೋಯಿತು.

ಖರ್ಚಿನ ಜೊತೆಗೆ ಜನರ ನೆನಪೂ ಇದೆ. ಬ್ರಿಟನ್ನಿನಲ್ಲಿ ವಾಕ್ಸಾಲ್ ತಮ್ಮದೇ ಕಂಪನಿ ಅನ್ನುವ ಭಾವ ಜನರಲ್ಲಿ ಗಟ್ಟಿಯಾಗಿದೆ. ಜಿಎಂ ಅದನ್ನು 1925ರಲ್ಲೇ ಕೊಂಡಿತ್ತು, 1980ರ ದಶಕದ ಆರಂಭದಿಂದ ಅದರ ಕಾರುಗಳು ಹೆಚ್ಚುಕಡಿಮೆ ಓಪೆಲ್ ಕಾರುಗಳೇ. ಆದರೂ ಲೋಗೋ ತೆಗೆಯುವ ಧೈರ್ಯ ಯಾರೂ ಮಾಡಿಲ್ಲ. ಇವತ್ತಿಗೂ ಅಲ್ಲಿ ಓಪೆಲ್ ಕೊರ್ಸಾ ಸಿಗುವುದು ವಾಕ್ಸಾಲ್ ಕೊರ್ಸಾ ಆಗಿಯೇ.

ಕೆಟ್ಟ ನೆನಪಿನಿಂದಲೂ ಹೆಸರು ಬದಲಾಗುತ್ತದೆ. ಅಮೆರಿಕದಲ್ಲಿ ಆಡಿ 5000 ಅಂತ ಮಾರಾಟವಾಗುತ್ತಿದ್ದ ಕಾರು ಯುರೋಪಿನ ಆಡಿ 100 ಮತ್ತು 200. ಅದು ತಾನಾಗಿಯೇ ಮುಂದಕ್ಕೆ ನುಗ್ಗುತ್ತದೆ ಅಂತ 1986ರಲ್ಲಿ ಟಿವಿಯಲ್ಲಿ ದೊಡ್ಡ ಸುದ್ದಿಯಾಯಿತು. ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದ್ದರು ಅಂತ 1989ರ ಸರ್ಕಾರಿ ತನಿಖೆ ಹೇಳಿತು. ಅಷ್ಟರಲ್ಲಿ 5000 ಅನ್ನುವ ಹೆಸರು ಕೆಟ್ಟುಹೋಗಿತ್ತು. ಕಂಪನಿ ಅದನ್ನು ಕೈಬಿಟ್ಟು ಯುರೋಪಿನ ಅಂಕೆಗಳನ್ನೇ ತಂದಿತು.

ಲ್ಯಾಂಚಿಯಾ ಮತ್ತು ಕ್ರೈಸ್ಲರ್: ಎರಡೂ ದಿಕ್ಕಿನ ಅದಲುಬದಲು

2009ರಲ್ಲಿ ದಿವಾಳಿಯಾದ ಅಮೆರಿಕದ ಕ್ರೈಸ್ಲರ್ ಕಂಪನಿಯನ್ನು ಇಟಲಿಯ ಫಿಯೆಟ್ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಫಿಯೆಟ್ ಕೈಯಲ್ಲಿ ಲ್ಯಾಂಚಿಯಾ ಅನ್ನುವ ಹಳೆಯ, ಮರ್ಯಾದೆಯ ಬ್ರಾಂಡ್ ಇತ್ತು. ಆದರೆ ಅದರ ಬಳಿ ದೊಡ್ಡ ಕಾರು ಇರಲಿಲ್ಲ. ಕ್ರೈಸ್ಲರ್ ಬಳಿ ದೊಡ್ಡ ಕಾರುಗಳಿದ್ದವು, ಸಣ್ಣವು ಇರಲಿಲ್ಲ. ಲೆಕ್ಕ ಸರಿಹೋಯಿತು ಅಂದುಕೊಂಡರು.

2011ರಿಂದ, ಕೆನಡಾದ ಬ್ರ್ಯಾಂಪ್ಟನ್‌ನಲ್ಲಿ ತಯಾರಾಗುತ್ತಿದ್ದ ಕ್ರೈಸ್ಲರ್ 300 ಯುರೋಪಿನಲ್ಲಿ ಲ್ಯಾಂಚಿಯಾ ಥೀಮಾ ಆಯಿತು. ಕ್ರೈಸ್ಲರ್ ಮಿನಿವ್ಯಾನ್ ಲ್ಯಾಂಚಿಯಾ ವಾಯೇಜರ್ ಆಯಿತು. ಮೇಲ್ಚಾವಣಿ ತೆರೆಯುವ ಕ್ರೈಸ್ಲರ್ 200 ಲ್ಯಾಂಚಿಯಾ ಫ್ಲಾವಿಯಾ ಆಯಿತು.

ಬ್ರಿಟನ್ನಿನಲ್ಲಿ ಮಾತ್ರ ಇದೆಲ್ಲ ತಲೆಕೆಳಗು. ತುಕ್ಕು ಹಿಡಿಯುವ ಕಾರು ಅನ್ನುವ ಅಪಖ್ಯಾತಿ ಹೊತ್ತ ಲ್ಯಾಂಚಿಯಾ 1994ರಲ್ಲೇ ಆ ದೇಶ ಬಿಟ್ಟು ಹೋಗಿತ್ತು. ಹಾಗಾಗಿ ಅಲ್ಲಿ ಇಟಲಿಯವರು ರೂಪಿಸಿದ ಲ್ಯಾಂಚಿಯಾ ಇಪ್ಸಿಲಾನ್ ಮತ್ತು ಡೆಲ್ಟಾ ಕಾರುಗಳಿಗೆ ಕ್ರೈಸ್ಲರ್ ಲೋಗೋ ಅಂಟಿಸಿದರು. ಅಮೆರಿಕದ ಕಾರಿಗೆ ಇಟಲಿಯ ಹೆಸರು, ಇಟಲಿಯ ಕಾರಿಗೆ ಅಮೆರಿಕದ ಹೆಸರು.

ಕೊಳ್ಳುವವರು ಒಪ್ಪಲಿಲ್ಲ. ಥೀಮಾ ಅನ್ನುವ ಹೆಸರಿಗೆ 1980ರ ದಶಕದಲ್ಲಿ ದೊಡ್ಡ ಗೌರವ ಇತ್ತು. ಅದರ ಒಂದು ಮಾದರಿಯಲ್ಲಿ ಫೆರಾರಿ ಎಂಜಿನ್ ಇತ್ತು. ಆ ಹೆಸರನ್ನು ಅಮೆರಿಕದ ಅಗಲ ಮೈಕಟ್ಟಿನ ಕಾರಿನ ಮೇಲೆ ನೋಡಿದ ಲ್ಯಾಂಚಿಯಾ ಅಭಿಮಾನಿಗಳಿಗೆ ನೋವಾಯಿತು. ಆ ನೋವು ನನಗೆ ಅರ್ಥವಾಗುತ್ತದೆ. ಹಳೆಯ ಹೆಸರು ಎಷ್ಟು ದೊಡ್ಡದೋ, ಅದನ್ನು ಬೇರೊಂದು ಕಾರಿಗೆ ಅಂಟಿಸಿದಾಗ ಆಗುವ ನಿರಾಸೆಯೂ ಅಷ್ಟೇ ದೊಡ್ಡದು. 2014ರ ಹೊತ್ತಿಗೆ ಥೀಮಾ, ಫ್ಲಾವಿಯಾ ಎರಡೂ ನಿಂತವು. 2015ರಲ್ಲಿ ಕ್ರೈಸ್ಲರ್ ಬ್ರಿಟನ್ ಬಿಟ್ಟಿತು.

ಕ್ಯಾಡೆಟ್‌ನಿಂದ ಸಿಯೆಲೊವರೆಗೆ

1995ರಲ್ಲಿ ನಮ್ಮ ರಸ್ತೆಗಳಿಗೆ ಬಂದ ಡೇವೂ ಸಿಯೆಲೊ ನೆನಪಿದೆಯಾ? ಅಂಬಾಸಿಡರ್, ಪದ್ಮಿನಿ, ಮಾರುತಿ 800 ನೋಡಿದ್ದ ಕಣ್ಣಿಗೆ ಅದು ಹೊಚ್ಚಹೊಸ ಕಾರಾಗಿ ಕಂಡಿತ್ತು. ಅದರ ಮೂಲ 1984ರ ಓಪೆಲ್ ಕ್ಯಾಡೆಟ್.

ಈ ಕ್ಯಾಡೆಟ್ ಬ್ರಿಟನ್ನಿನಲ್ಲಿ ವಾಕ್ಸಾಲ್ ಆಸ್ಟ್ರಾ ಆಗಿತ್ತು. ಜಿಎಂ ಅದರ ವಿನ್ಯಾಸವನ್ನು ಕೊರಿಯಾದ ಡೇವೂಗೆ ಕೊಟ್ಟಿತು. ಅಲ್ಲಿ ಅದು ಡೇವೂ ಲೆಮನ್ಸ್. ಕೊರಿಯಾದಲ್ಲಿ ತಯಾರಾದ ಅದೇ ಕಾರು 1988ರಿಂದ 1993ರವರೆಗೆ ಅಮೆರಿಕಕ್ಕೆ ಪಾಂಟಿಯಾಕ್ ಲೆಮನ್ಸ್ ಆಗಿ ಹೋಯಿತು. ಆಮೇಲೆ ಡೇವೂ ಅದರ ಮುಖ, ಹಿಂಭಾಗ ತಿದ್ದಿ ನೆಕ್ಸಿಯಾ ಅಂತ ಕರೆಯಿತು. ಭಾರತದಲ್ಲಿ ಅದೇ ಸಿಯೆಲೊ. 1995ರಲ್ಲಿ ನೆಕ್ಸಿಯಾ ಬ್ರಿಟನ್ನಿಗೂ ಹೋಯಿತು. ಅಲ್ಲಿನವರು ಹಿಂದೆ ಆಸ್ಟ್ರಾ ಅಂತ ಓಡಿಸಿದ್ದ ಕಾರು ಹೊಸ ಮುಖ ಹೊತ್ತು, ಕೊರಿಯಾ ಸುತ್ತಿಕೊಂಡು ಮತ್ತೆ ಅವರ ಶೋರೂಂಗೇ ಬಂದು ನಿಂತಿತು. ಉಜ್ಬೇಕಿಸ್ತಾನದಲ್ಲಿ ಅದರ ತಯಾರಿ 2016ರವರೆಗೂ ನಡೆಯಿತು.

ಇಲ್ಲಿ ರೀಬ್ಯಾಡ್ಜಿಂಗ್‌ನ ಇನ್ನೊಂದು ಮುಖ ಕಾಣುತ್ತದೆ. ಹೊಸ ಕಾರು ರೂಪಿಸಲು ಹಲವು ವರ್ಷ ಬೇಕು, ಖರ್ಚು ನೂರು ಕೋಟಿ ಡಾಲರ್ ದಾಟುವುದೂ ಉಂಟು. ಒಂದು ದೇಶದಲ್ಲಿ ಹಳೆಯದಾದ ವಿನ್ಯಾಸ ಇನ್ನೊಂದು ದೇಶದಲ್ಲಿ ಹೊಸ ಹೆಸರಿನಿಂದ ಹತ್ತಿಪ್ಪತ್ತು ವರ್ಷ ದುಡಿದರೆ ಆ ಖರ್ಚು ಪೂರ್ತಿ ವಸೂಲಾಗುತ್ತದೆ.

ಹೆಸರಿನ ಮೇಲೆ ಕಾನೂನು

ಕೆಲವು ಸಲ ಕಂಪನಿಗೆ ಮನಸ್ಸಿದ್ದರೂ ಹೆಸರು ಇಡಲು ಆಗುವುದಿಲ್ಲ. 1963ರಲ್ಲಿ ಪೋರ್ಷ ಕಂಪನಿ 901 ಅನ್ನುವ ಕಾರು ತೋರಿಸಿತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ಪ್ರಾನ್ಸಿನಲ್ಲಿ ತನ್ನ ಹಕ್ಕು ಅಂತ ಅಲ್ಲಿನ ಕಾರು ಕಂಪನಿ ಪೂಜೊ ಆಕ್ಷೇಪಿಸಿತು. ಮರುವರ್ಷ ಸೊನ್ನೆ ಹೋಗಿ ಒಂದು ಬಂತು. ಜಗತ್ತಿಗೆ ಗೊತ್ತಿರುವ 911 ಹುಟ್ಟಿದ್ದು ಹೀಗೆ.

2024ರ ಏಪ್ರಿಲ್‌ನಲ್ಲಿ ಆಲ್ಫಾ ರೋಮಿಯೊ ತನ್ನ ಹೊಸ ಸಣ್ಣ ಕಾರಿಗೆ ಮಿಲಾನೊ ಅಂತ ಇಟಲಿಯ ಮಿಲಾನ್ ನಗರದ ಹೆಸರಿಟ್ಟಿತು. ಕಾರು ತಯಾರಾಗುವುದು ಪೋಲೆಂಡಿನಲ್ಲಿ. ಇಟಲಿಯದಲ್ಲದ ವಸ್ತುವಿಗೆ ಇಟಲಿಯದು ಅನ್ನಿಸುವ ಹೆಸರು ಇಡುವುದು 2003ರ ಕಾನೂನಿಗೆ ವಿರುದ್ಧ ಅಂತ ಇಟಲಿಯ ಸಚಿವರು ಹೇಳಿದರು. ಕೆಲವೇ ದಿನಗಳಲ್ಲಿ ಹೆಸರು ಜೂನಿಯರ್ ಆಯಿತು. 1980ರ ದಶಕದಲ್ಲಿ ಇದೇ ಕಂಪನಿ ತನ್ನ ಆಲ್ಫಾ 75 ಕಾರನ್ನು ಅಮೆರಿಕದಲ್ಲಿ ಮಿಲಾನೊ ಹೆಸರಲ್ಲೇ ಮಾರಿತ್ತು.

ಭಾಷೆಯ ತೊಡಕೂ ಇದೆ. ಮಿತ್ಸುಬಿಷಿ ಪಜೆರೊ ಸ್ಪೇನ್ ಮತ್ತು ಅಮೆರಿಕದಲ್ಲಿ ಮೊಂಟೆರೊ ಆಗಿದ್ದು ಮೂಲ ಹೆಸರು ಸ್ಪ್ಯಾನಿಷ್ ಆಡುಮಾತಿನಲ್ಲಿ ಬೈಗುಳ ಆದ್ದರಿಂದ.

ಹೆಸರು ಒಂದೇ, ಕಾರು ಬೇರೆ

ಇದು ಇನ್ನೂ ಜಾಸ್ತಿ ಗೊಂದಲದ ಜಾಗ. ಪಾರ್ಟ್ಸ್ ತರಿಸುವವರು ಎಡವುವುದು ಇಲ್ಲೇ.

ಅಮೆರಿಕದ ಫೋರ್ಡ್ ಫ್ಯೂಷನ್ ದೊಡ್ಡ ಸೆಡಾನ್. ಯುರೋಪಿನ ಫೋರ್ಡ್ ಫ್ಯೂಷನ್ ಫಿಯೆಸ್ಟಾದಿಂದ ಹುಟ್ಟಿದ ಎತ್ತರದ ಸಣ್ಣ ಕಾರು. ಅದೇ ಭಾರತಕ್ಕೂ ಬಂದಿತ್ತು. ಎರಡಕ್ಕೂ ಸಂಬಂಧವೇ ಇಲ್ಲ. ಅಮೆರಿಕದ 2013ರ ಫ್ಯೂಷನ್‌ಗೆ ಯುರೋಪಿನಲ್ಲಿ ಅವಳಿ ಇತ್ತು, ಆದರೆ ಅದರ ಹೆಸರು ಮೊಂಡೆಯೊ.

ಫೋಕ್ಸ್‌ವ್ಯಾಗನ್ ಪಸಾಟ್ 2011ರಿಂದ ಅಮೆರಿಕದಲ್ಲಿ ಟೆನೆಸಿಯ ಚಾಟನೂಗಾದಲ್ಲಿ ತಯಾರಾಯಿತು. ಅಲ್ಲಿನವರಿಗೆಂದೇ ದೊಡ್ಡದಾಗಿ, ಅಗ್ಗವಾಗಿ ಮಾಡಿದ ಬೇರೆಯೇ ಕಾರು ಅದು. ಅದೇ ಹೊತ್ತಿನ ಯುರೋಪಿನ ಪಸಾಟ್‌ನ ಬಂಪರ್ ಅದಕ್ಕೆ ಕೂರುವುದಿಲ್ಲ.

ವೆಂಟೊ ಅಂದರೆ ನಮಗೆ 2010ರಲ್ಲಿ ಬಂದ ಪೋಲೊದ ಸೆಡಾನ್ ರೂಪ. ಯುರೋಪಿನವರಿಗೆ ವೆಂಟೊ ಅಂದರೆ 1990ರ ದಶಕದ ಗಾಲ್ಫ್‌ನ ಸೆಡಾನ್. ಆ ಕಾರು ಅಮೆರಿಕದಲ್ಲಿ ಜೆಟ್ಟಾ. ಅದರ ಮುಂದಿನ ತಲೆಮಾರು ಯುರೋಪಿನಲ್ಲಿ ಬೋರಾ, ಅಮೆರಿಕದಲ್ಲಿ ಆಗಲೂ ಜೆಟ್ಟಾ. ಗಾಲ್ಫ್ ಕಾರೇ ಅಮೆರಿಕದಲ್ಲಿ ಮೊದಲು ರ್‍ಯಾಬಿಟ್ ಅಂತ ಬಂದು, ಆಮೇಲೆ ಗಾಲ್ಫ್ ಆಗಿ, 2006ರಿಂದ ಕೆಲವು ವರ್ಷ ಮತ್ತೆ ರ್‍ಯಾಬಿಟ್ ಆಗಿತ್ತು.

ಕೋಳಿ ಸುಂಕ

1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಯುರೋಪಿಗೆ ನುಗ್ಗಿತು. ಪಶ್ಚಿಮ ಜರ್ಮನಿ, ಪ್ರಾನ್ಸ್ ಅದರ ಮೇಲೆ ಸುಂಕ ಏರಿಸಿದವು. ಸಿಟ್ಟಿಗೆದ್ದ ಅಮೆರಿಕ 1964ರಲ್ಲಿ ಬ್ರ್ಯಾಂಡಿ, ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್ ಮತ್ತು ಹಗುರ ಟ್ರಕ್‌ಗಳ ಮೇಲೆ ಶೇ 25 ಸುಂಕ ಹಾಕಿತು. ಉಳಿದವು ಕಾಲಕ್ರಮೇಣ ಹೋದವು. ಟ್ರಕ್ ಸುಂಕ ಉಳಿಯಿತು. ಹಾಗಾಗಿಯೇ ಅದಕ್ಕೆ ಕೋಳಿ ಸುಂಕ ಅನ್ನುವ ಹೆಸರು ನಿಂತಿದೆ.

ಯುರೋಪಿನ ವ್ಯಾನ್‌ಗಳು ಅಮೆರಿಕದಲ್ಲಿ ಹಾಕಿಕೊಂಡ ವೇಷಗಳಿಗೆ ಇದೇ ಮೂಲ. ಜರ್ಮನಿಯಲ್ಲಿ ತಯಾರಾದ ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನನ್ನು ಬಿಚ್ಚಿ, ಭಾಗಗಳಾಗಿ ಸಾಗಿಸಿ, ದಕ್ಷಿಣ ಕ್ಯಾರೊಲೈನಾದಲ್ಲಿ ಮತ್ತೆ ಜೋಡಿಸುತ್ತಿದ್ದರು. ಮಾರಾಟ ಮಾತ್ರ ಮೊದಲು ಫ್ರೈಟ್‌ಲೈನರ್ ಹೆಸರಲ್ಲಿ, ಆಮೇಲೆ ಡಾಜ್ ಹೆಸರಲ್ಲೂ. 2010ರಿಂದಷ್ಟೇ ಅದರ ಮೇಲೆ ಮರ್ಸಿಡಿಸ್ ನಕ್ಷತ್ರ ಬಂತು. ಫಿಯೆಟ್ ಡುಕಾಟೊ ಅಲ್ಲಿ ರ್‍ಯಾಮ್ ಪ್ರೊಮಾಸ್ಟರ್. ಅಮೆರಿಕಕ್ಕಾಗಿ ಅದನ್ನು ಮೆಕ್ಸಿಕೊದಲ್ಲಿ ತಯಾರಿಸುತ್ತಾರೆ.

ಫೋರ್ಡ್ ಬೇರೆ ದಾರಿ ಹಿಡಿಯಿತು. ಟರ್ಕಿಯಿಂದ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗಳನ್ನು ಹಿಂದಿನ ಸೀಟು ಹಾಕಿಸಿ, ಪ್ರಯಾಣಿಕರ ವಾಹನ ಅಂತ ತೋರಿಸಿ ತರಿಸಿತು. ಪ್ರಯಾಣಿಕರ ವಾಹನಕ್ಕೆ ಆಗ ಸುಂಕ ಶೇ 2.5 ಮಾತ್ರ. ಬಂದರು ದಾಟಿದ ಮೇಲೆ ಆ ಸೀಟುಗಳನ್ನು ಕಿತ್ತು ಸರಕು ವ್ಯಾನ್ ಮಾಡುತ್ತಿದ್ದರು. ವರ್ಷಗಟ್ಟಲೆ ಕೇಸು ನಡೆದು, 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿ ರಾಜಿಯಾಯಿತು.

ಲೋಗೋ ಕೆಳಗೆ ಬದಲಾಗುವುದು

ಅವಳಿ ಅಂದ ಮಾತ್ರಕ್ಕೆ ಎಲ್ಲವೂ ಅಚ್ಚೊತ್ತಿದಂತೆ ಇರುವುದಿಲ್ಲ. ಎರಡು ಖಂಡಗಳ ನಿಯಮ ಬೇರೆ. ಹಿಂದಿನ ಇಂಡಿಕೇಟರ್ ಯುರೋಪಿನಲ್ಲಿ ಹಳದಿಯೇ ಇರಬೇಕು. ಅಮೆರಿಕದಲ್ಲಿ ಕೆಂಪು ಇದ್ದರೂ ಸರಿ. ಕಾರಿನ ಬದಿಯಲ್ಲಿ ಸಣ್ಣ ಗುರುತಿನ ದೀಪ ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದ ಕಡ್ಡಾಯ. ಚಾಲಕನ ಬದಿಯ ಕನ್ನಡಿ ಅಲ್ಲಿ ಚಪ್ಪಟೆ, ಯುರೋಪಿನಲ್ಲಿ ಉಬ್ಬು ಇರಬಹುದು. ಹೊಗೆ ಪರೀಕ್ಷೆ ಬೇರೆ, ಕಾರನ್ನು ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆ ಬೇರೆ.

ಈ ಕಾರಣಕ್ಕೇ ಯುರೋಪಿನ ಅಥವಾ ಭಾರತದ ಕಾರನ್ನು ಖಾಸಗಿಯಾಗಿ ಅಮೆರಿಕಕ್ಕೆ ಒಯ್ಯುವುದು ಬಹಳ ಕಷ್ಟ. ಅಲ್ಲಿನ ಸುರಕ್ಷತಾ ನಿಯಮಕ್ಕೆಂದು ತಯಾರಾಗದ ಕಾರಿಗೆ ಸಾಮಾನ್ಯವಾಗಿ 25 ವರ್ಷ ತುಂಬಿರಬೇಕು. ಅದರ ಅವಳಿ ಅಲ್ಲೇ ಮಾರಾಟವಾಗುತ್ತಿದೆ ಅಂದ ಮಾತ್ರಕ್ಕೆ ತಾನಾಗಿಯೇ ವಿನಾಯಿತಿ ಸಿಗುವುದಿಲ್ಲ.

ಬೆಂಗಳೂರಿನಿಂದ ಲಂಡನ್ನಿಗೆ

ಹೆಸರು ಬದಲಿಸಿಕೊಂಡು ಹೊರಟ ಕಾರು ನಮ್ಮೂರಿನದೂ ಇದೆ. ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಹೆಸರಲ್ಲಿ ಮಾರಾಟವಾಯಿತು. ನಗರದ ಒಳಗೆ ಕಾರು ತರಲು ಕಟ್ಟಬೇಕಾದ ಶುಲ್ಕ ಇದಕ್ಕಿರಲಿಲ್ಲ. ಕಾನೂನಿನ ಪ್ರಕಾರ ಅಲ್ಲಿ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಅನ್ನುವ ಬೇರೆ ವರ್ಗದ ವಾಹನ. ಆ ಕಾಲಕ್ಕೆ ಲಂಡನ್ ರಸ್ತೆಯಲ್ಲಿ ಓಡಿದ ಎಲೆಕ್ಟ್ರಿಕ್ ಗಾಡಿಗಳಲ್ಲಿ ದೊಡ್ಡ ಪಾಲು ನಮ್ಮ ಬೆಂಗಳೂರಿನದು ಅನ್ನುವುದು ಇಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಪುಣೆಯ ಟಾಟಾ ಇಂಡಿಕಾ 2003ರಲ್ಲಿ ಬ್ರಿಟನ್ನಿನಲ್ಲಿ ಸಿಟಿರೋವರ್ ಆಯಿತು. 2005ರಲ್ಲಿ ಅದನ್ನು ಮಾರುತ್ತಿದ್ದ ಎಂಜಿ ರೋವರ್ ಕಂಪನಿಯೇ ಕುಸಿದುಬಿತ್ತು. ಮಾನೇಸರದಲ್ಲಿ ತಯಾರಾದ ಮಾರುತಿ ಎ-ಸ್ಟಾರ್ ಯುರೋಪಿನಲ್ಲಿ ಸುಜುಕಿ ಆಲ್ಟೊ ಆಗಿಯೂ ನಿಸಾನ್ ಪಿಕ್ಸೊ ಆಗಿಯೂ ಓಡಿತು.

ನಿಮ್ಮ ಕಾರಿನ ಮೂಲ ಗೊತ್ತಾಗುವುದು ಹೇಗೆ

ಆರ್‌ಸಿಯಲ್ಲಿರುವ ಚಾಸಿ ನಂಬರ್ ನೋಡಿ. ಹೊರದೇಶಗಳಲ್ಲಿ ಇದನ್ನು ವಿನ್ ಅನ್ನುತ್ತಾರೆ. 17 ಅಕ್ಷರ–ಅಂಕೆಗಳಿರುತ್ತವೆ. ಸಾಮಾನ್ಯವಾಗಿ ಮೊದಲನೆಯದು ದೇಶದ ಸುಳಿವು ಕೊಡುತ್ತದೆ. 1, 4, 5 ಇದ್ದರೆ ಅಮೆರಿಕ. 2 ಕೆನಡಾ, 3 ಮೆಕ್ಸಿಕೊ. ಡಬ್ಲ್ಯು ಜರ್ಮನಿ, ಝಡ್ ಇಟಲಿ, ಜೆ ಜಪಾನ್. ಕೆಎಲ್, ಕೆಎಂ, ಕೆಎನ್ ಅಂತ ಶುರುವಾದರೆ ಕೊರಿಯಾ. ಎಂಎ, ಎಂಬಿ ತರಹದ ಜೋಡಿಗಳು ಭಾರತದವು. ಜರ್ಮನಿಯಿಂದ ಬಂದ ಬ್ಯೂಕ್ ರೀಗಲ್‌ನ ನಂಬರ್ ಡಬ್ಲ್ಯುನಿಂದಲೇ ಶುರು.

ಅಮೆರಿಕದಲ್ಲಿ ಇನ್ನೊಂದು ಅನುಕೂಲ ಇದೆ. 1994ರ ಅಕ್ಟೋಬರ್‌ನಿಂದ ತಯಾರಾದ ಪ್ರತಿ ಹೊಸ ಕಾರಿನ ಮೇಲೂ ಒಂದು ಚೀಟಿ ಕಡ್ಡಾಯ. ಅಮೆರಿಕ ಮತ್ತು ಕೆನಡಾದ ಭಾಗಗಳು ಶೇಕಡಾ ಎಷ್ಟು, ಎಂಜಿನ್ ಯಾವ ದೇಶದ್ದು, ಗೇರ್‌ಬಾಕ್ಸ್ ಯಾವ ದೇಶದ್ದು, ಕೊನೆಯ ಜೋಡಣೆ ಎಲ್ಲಾಯಿತು ಅನ್ನುವುದೆಲ್ಲ ಅದರಲ್ಲಿರುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದರೆ ಅದರ ಅವಳಿಯ ಹೆಸರನ್ನೂ ಹುಡುಕಿ ಇಟ್ಟುಕೊಳ್ಳಿ. ಅವಳಿಯಲ್ಲಿ ಕಂಡ ದೋಷ ಇದರಲ್ಲೂ ಇರಬಹುದು. ಆದರೆ ಕಂಪನಿ ಕಾರು ವಾಪಸ್ ಕರೆಸಿ ರಿಪೇರಿ ಮಾಡುವ ಪ್ರಕಟಣೆ ಎರಡು ಹೆಸರಲ್ಲಿ, ಎರಡು ದೇಶಗಳಲ್ಲಿ ಬೇರೆ ಬೇರೆ ದಿನ ಬಂದಿರುತ್ತದೆ. ಬ್ರಾಂಡ್ ಮುಚ್ಚಿದ್ದರೂ ಅವಳಿ ಬೇರೆ ಕಡೆ ಓಡಾಡುತ್ತಿದ್ದರೆ ಪಾರ್ಟ್ಸ್ ಸಿಗುವ ದಾರಿ ಇನ್ನೂ ತೆರೆದಿದೆ ಅಂತ ಲೆಕ್ಕ. ಬೆಲ್ಜಿಯಂನಿಂದ ಬಂದ 2008ರ ಸ್ಯಾಟರ್ನ್ ಆಸ್ಟ್ರಾ ಇಟ್ಟುಕೊಂಡವರು ಬಾಗಿಲು, ಗಾಜು ಬೇಕಾದಾಗ ಯುರೋಪಿನ ಓಪೆಲ್ ಆಸ್ಟ್ರಾ ಪಾರ್ಟ್ಸ್ ಹುಡುಕಬಹುದು. ಲೈಟು, ಬಂಪರ್, ಹೊಗೆಗೆ ಸಂಬಂಧಿಸಿದ ಭಾಗಗಳ ವಿಷಯದಲ್ಲಿ ಮಾತ್ರ ಪಾರ್ಟ್ ನಂಬರ್ ತಾಳೆ ನೋಡದೆ ದುಡ್ಡು ಕಟ್ಟಬೇಡಿ.